ಕಾಲೇಜು ಬ್ಯಾಸ್ಕೆಟ್‌ಬಾಲ್‌: ಬಾಕ್ಸ್ ಸ್ಕೋರ್ ಬರೆದು ತಾಳೆ ನೋಡುವುದು ಹೇಗೆ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿಯುತ್ತಲೇ ತಂಡಗಳ ಕೈ ಸೇರುವ ಲೆಕ್ಕದ ಹಾಳೆಯೇ ಬಾಕ್ಸ್ ಸ್ಕೋರ್. ಅಂಗಣದ ಪಕ್ಕದ ಮೇಜಿನಲ್ಲಿ ಒಬ್ಬರು ಆಟ ನೋಡುತ್ತ ಹೇಳುತ್ತಾರೆ, ಇನ್ನೊಬ್ಬರು ಕಂಪ್ಯೂಟರಿಗೆ ತುಂಬುತ್ತಾರೆ. ವಿಡಿಯೊ ನೋಡಿ ಕಲಿಯುವವರೂ ಇಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಆದರೆ, ಬರೆಯಲು ತಲೆ ಬಗ್ಗಿಸಿದಾಗಲೇ ರೀಬೌಂಡ್ (ಬುಟ್ಟಿಗೆ ಬೀಳದ ಚೆಂಡನ್ನು ಹಿಡಿಯುವುದು) ಆಗಿಹೋಗಿರುತ್ತದೆ.

1. ಒಬ್ಬ ಆಟಗಾರನಿಗೆ ಒಂದು ಸಾಲು. ಫೀಲ್ಡ್ ಗೋಲ್ (ಆಟ ನಡೆಯುವಾಗಿನ ಎಸೆತ), ಮೂರು ಪಾಯಿಂಟಿನ ಎಸೆತ (ದೂರದ ಗೆರೆಯ ಆಚೆಯಿಂದ), ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಒಂದು ಪಾಯಿಂಟಿನ ಎಸೆತ) ಈ ಮೂರಕ್ಕೂ ‘ಬಿದ್ದದ್ದು–ಎಸೆದದ್ದು’ ಎಂದು ಎರಡೆರಡು ಅಂಕಿ. ಆಮೇಲೆ ಆಕ್ರಮಣದ ಮತ್ತು ರಕ್ಷಣೆಯ ರೀಬೌಂಡ್, ಅಸಿಸ್ಟ್ (ಗೋಲ್‌ಗೆ ದಾರಿ ಮಾಡಿದ ಪಾಸ್), ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು), ಸ್ಟೀಲ್ (ಎದುರಾಳಿಯ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು), ಫೌಲ್, ನಿಮಿಷ. ಕೊನೆಯಲ್ಲಿ ‘ತಂಡ’ ಎಂದೊಂದು ಸಾಲು ಇರಲೇಬೇಕು.

2. ಮೂರು ಪಾಯಿಂಟಿನ ಎಸೆತ ಫೀಲ್ಡ್ ಗೋಲ್ ಕಾಲಂನಲ್ಲೂ ಸೇರುತ್ತದೆ. 7 ಫೀಲ್ಡ್ ಗೋಲ್, ಅದರಲ್ಲಿ 2 ಮೂರು ಪಾಯಿಂಟಿನವು, ಜೊತೆಗೆ 3 ಫ್ರೀ ಥ್ರೋ ಎಂದರೆ 14 (ಏಳಕ್ಕೆ ಎರಡೆರಡು) + 2 (ಮೂರು ಪಾಯಿಂಟಿನವಕ್ಕೆ ಇನ್ನೊಂದೊಂದು) + 3, ಒಟ್ಟು 19 ಪಾಯಿಂಟ್.

3. ಎಸೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದನ್ನು ಎಸೆತವೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಬಿದ್ದರೆ ಹಿಡಿಯಬೇಕು. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಬ್ಲಾಕ್ ಆದದ್ದು ಮಾತ್ರ ತಪ್ಪಿದ ಎಸೆತವೇ. ಆಕ್ರಮಣದ ಫೌಲ್‌ಗೆ ಎರಡು ಗುರುತು: ಫೌಲ್ ಒಂದು, ಟರ್ನೋವರ್ ಒಂದು.

4. ಪಂದ್ಯ ಮುಗಿದ ಮೇಲೆ ತಾಳೆ. ತಪ್ಪಿದ ಪ್ರತಿ ಎಸೆತಕ್ಕೂ ಒಂದು ರೀಬೌಂಡ್ ಇರಬೇಕು. ಒಂದು ತಂಡ ಫೀಲ್ಡ್ ಗೋಲ್‌ನಲ್ಲಿ 26–60, ಫ್ರೀ ಥ್ರೋದಲ್ಲಿ 14–20. ಎದುರಾಳಿ 24–58 ಮತ್ತು 11–16 ಎಂದುಕೊಳ್ಳಿ. ತಪ್ಪಿದವು 34+6+34+5, ಅಂದರೆ 79. ಎರಡೂ ಕಡೆಯ ರೀಬೌಂಡ್ ಕೂಡಿದಾಗ 78 ಬಂದರೆ ಒಂದು ಎಲ್ಲೋ ಬಿಟ್ಟುಹೋಗಿದೆ. ಯಾರೂ ಹಿಡಿಯುವ ಮೊದಲೇ ಚೆಂಡು ಗೆರೆ ದಾಟಿದ್ದನ್ನು ಮೊದಲು ಹುಡುಕಿ. ಅದು ಚೆಂಡು ಸಿಕ್ಕ ಕಡೆಯ ‘ತಂಡ’ದ ಸಾಲಿಗೆ ಹೋಗುತ್ತದೆ. ಬ್ಲಾಕ್ ಬರೆದ ಸಂಭ್ರಮದಲ್ಲಿ ಅದರ ಹಿಂದಿನ ರೀಬೌಂಡ್ ಮರೆತಿರುವುದೂ ಉಂಟು. ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ತಪ್ಪಿದರೆ ಅದು ‘ಡೆಡ್ ಬಾಲ್’ ರೀಬೌಂಡ್: ತಂಡದ ಮೊತ್ತಕ್ಕೆ ಸೇರದು, ತಾಳೆಗೆ ಮಾತ್ರ ಬೇಕು.

ನಿಮಿಷಗಳು ತಂಡಕ್ಕೆ 200 (ಅಂಗಣದಲ್ಲಿರುವ ಐವರಿಗೆ ತಲಾ 40). ಪ್ರತಿ ಓವರ್‌ಟೈಮ್‌ಗೆ (ಸಮವಾದಾಗ ಆಡುವ ಹೆಚ್ಚುವರಿ ಐದು ನಿಮಿಷ) ಇನ್ನೂ 25. ಸ್ಟೀಲ್ ಎದುರಾಳಿಯ ಟರ್ನೋವರ್‌ಗಿಂತ ಹೆಚ್ಚಿರಲಾರದು, ಅಸಿಸ್ಟ್ ತಮ್ಮದೇ ಫೀಲ್ಡ್ ಗೋಲ್‌ಗಿಂತ ಹೆಚ್ಚಿರಲಾರದು.

5. ಋತುವಿನ ಶೇಕಡಾವಾರು ತೆಗೆಯುವಾಗ ಪಂದ್ಯಗಳ ಶೇಕಡಾವಾರುಗಳ ಸರಾಸರಿ ಬೇಡ. 2ರಲ್ಲಿ 1, 12ರಲ್ಲಿ 3 ಬಿದ್ದರೆ ಒಟ್ಟು 14ರಲ್ಲಿ 4, ಅಂದರೆ 28.6, ಸರಾಸರಿ ಹಿಡಿದರೆ ಸುಳ್ಳು 37.5 ಬರುತ್ತದೆ.

6. ‘ದಾಖಲೆ’ ಎಂದು ಬರೆಯುವಾಗ ಯಾವ ಸಂಸ್ಥೆಯದು, ಯಾವ ಡಿವಿಷನ್‌ನದು ಎಂದೂ ಬರೆಯಿರಿ. ಅಯೋವಾದ ಕೇಟ್ಲಿನ್ ಕ್ಲಾರ್ಕ್ 2024ರಲ್ಲಿ 3,951 ಪಾಯಿಂಟ್‌ಗೆ ನಿಂತರು. ಅದು ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಡಿವಿಷನ್ 1ರ, ಅಂದರೆ ಅತಿ ಮೇಲಿನ ಹಂತದ, ದಾಖಲೆ. ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ ಗಳಿಸಿದ 3,649 ಆಗ ಆ ಸಂಸ್ಥೆಯ ದಾಖಲೆ ಪುಸ್ತಕದಲ್ಲಿರಲಿಲ್ಲ, ಏಕೆಂದರೆ 1981ರವರೆಗೆ ಮಹಿಳಾ ಕ್ರೀಡೆ ಎಐಎಡಬ್ಲ್ಯೂ ಎಂಬ ಬೇರೆ ಸಂಸ್ಥೆಯ ಕೈಯಲ್ಲಿತ್ತು. ಅದೇ ಸಂಸ್ಥೆಯಡಿ ಸಣ್ಣ ಕಾಲೇಜಿನಲ್ಲಿ ಆಡಿದ ಪರ್ಲ್ ಮೂರ್ ಅವರದು 4,061. ನಿಯಮ ಸರಿಯಿರಬಹುದು, ಆದರೆ ಇವರ ಹೆಸರನ್ನೇ ಹೇಳದ ಪಟ್ಟಿ ಅರೆಬರೆ ಪಟ್ಟಿ.

ಪುರುಷರಲ್ಲಿ ಪೀಟ್ ಮರಾವಿಚ್ 1967–70ರಲ್ಲಿ ಕೇವಲ 83 ಪಂದ್ಯಗಳಲ್ಲಿ 3,667 ಗಳಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆಗ ಮುಖ್ಯ ತಂಡದಲ್ಲಿ ಅವಕಾಶವಿರಲಿಲ್ಲ. ಮೂರು ಪಾಯಿಂಟಿನ ಗೆರೆ ಪುರುಷರ ಕಾಲೇಜು ಆಟಕ್ಕೆಲ್ಲ ಬಂದದ್ದು 1986–87ರಲ್ಲಿ. ಹಾಗಾಗಿ ಅವರ ಸಾಲಿನ ಆ ಕಾಲಂಗೆ ಸೊನ್ನೆ ಹಾಕಬೇಡಿ, ಅಡ್ಡಗೆರೆ ಎಳೆಯಿರಿ.