ಮದುವೆ ಬೋರ್ಡಿನ ಅಳತೆ: ಮೊದಲು ಅಕ್ಷರ, ಆಮೇಲೆ ಹಲಗೆ

ಕೆಳಗೊಂದು ಮದುವೆ, ಮೇಲೊಂದು ಮದುವೆ ಒಟ್ಟಿಗೇ ನಡೆಯುವ ಕಲ್ಯಾಣ ಮಂಟಪಗಳು ಈಗ ಸಣ್ಣ ಊರುಗಳಲ್ಲೂ ಇವೆ. ಮುಹೂರ್ತದ ಹೊತ್ತಿಗೆ ಅಂಥ ಕಡೆ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಪರ ಊರಿನಿಂದ ಬಂದ ಹಿರಿಯರು ಬೋರ್ಡಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಕೊನೆಗೆ ಪಕ್ಕದಲ್ಲಿದ್ದ ಹುಡುಗನನ್ನು ಕೇಳುತ್ತಾರೆ. ಕೇಳದೆ ಒಳಗೆ ನಡೆದವರು ಗುರುತಿಲ್ಲದ ವಧೂವರರಿಗೆ ಅಕ್ಷತೆ ಹಾಕಿ, ಮುಯ್ಯಿಯ ಲಕೋಟೆಯನ್ನೂ ಕೊಟ್ಟು ಬಂದದ್ದನ್ನು ಕಂಡಿದ್ದೇನೆ. ಅಲ್ಲಿ ಬೋರ್ಡು ಇರಲಿಲ್ಲವೆಂದಲ್ಲ. ಒಳ್ಳೆಯ ದುಡ್ಡು ಕೊಟ್ಟು ಮಾಡಿಸಿದ ಬೋರ್ಡೇ ಇತ್ತು. ಹೆಸರು ಮಾತ್ರ ಓದಲು ಬರುವಷ್ಟು ದೊಡ್ಡದಿರಲಿಲ್ಲ.

ಈ ತಪ್ಪು ಹುಟ್ಟುವುದು ಮೊಬೈಲಿನಲ್ಲಿ. ಪ್ರಿಂಟಿಂಗ್ ಅಂಗಡಿಯವರು ವಿನ್ಯಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಮನೆಯವರೆಲ್ಲ ನೋಡಿ ‘ಚೆನ್ನಾಗಿದೆ’ ಎನ್ನುತ್ತಾರೆ. ಎರಡು ಅಡಿಯ ಹಲಗೆಯೂ ಹತ್ತು ಅಡಿಯ ಬ್ಯಾನರೂ ಆ ಪರದೆಯ ಮೇಲೆ ಒಂದೇ ಗಾತ್ರ. ಅದಕ್ಕೇ ಅಂಗಡಿಗೆ ಹೋಗಿ ‘ಆರಕ್ಕೆ ನಾಲ್ಕರ ಬೋರ್ಡು ಮಾಡಿ’ ಎಂದು ಶುರುಮಾಡಬೇಡಿ. ಯಾರು ಎಷ್ಟು ದೂರದಿಂದ ಓದುತ್ತಾರೆ ಎಂಬುದು ಮೊದಲು, ಅದಕ್ಕೆ ಬೇಕಾದ ಅಕ್ಷರದ ಎತ್ತರ ಆಮೇಲೆ. ಹಲಗೆಯ ಅಳತೆ ಇವೆರಡರಿಂದ ತಾನಾಗಿ ಬರುತ್ತದೆ.

1. ಜಾಗ ನೋಡಿ ಬನ್ನಿ

ಟೇಪು ಹಿಡಿದು ಮಂಟಪಕ್ಕೆ ಒಮ್ಮೆ ಹೋಗಿ. ರಸ್ತೆಯಿಂದ ಗೇಟಿಗೆ, ಗೇಟಿನಿಂದ ಬಾಗಿಲಿಗೆ, ಕೊನೆಯ ಸಾಲಿನ ಕುರ್ಚಿಯಿಂದ ವೇದಿಕೆಗೆ ಎಷ್ಟು ಅಡಿ ಎಂದು ಬರೆದುಕೊಳ್ಳಿ. ಬಾಗಿಲಲ್ಲಿ ಹೆಸರು ಹಾಕಲು ಮಂಟಪದವರದೇ ಚೌಕಟ್ಟು ಅಥವಾ ಎಲ್‌ಇಡಿ ಫಲಕ ಇದೆಯೇ, ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರೆಯೇ ಎಂದು ವ್ಯವಸ್ಥಾಪಕರನ್ನು ಕೇಳಿ.

2. ಅಕ್ಷರದ ಎತ್ತರ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಬೋರ್ಡು ಬರೆಯುವವರಲ್ಲಿ ಬಹುಕಾಲದಿಂದ ಒಂದು ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಕಣ್ಣಿನ ಆಸ್ಪತ್ರೆಯ ಪಟ್ಟಿಯಲ್ಲಿ 6/6 ಸಾಲಿನ, ಅಂದರೆ ಸಹಜ ದೃಷ್ಟಿಯವರು ಓದುವ ಸಾಲಿನ ಅಕ್ಷರ ಆರು ಮೀಟರಿಗೆ (ಸುಮಾರು ಇಪ್ಪತ್ತು ಅಡಿ) ಸುಮಾರು 9 ಮಿ.ಮೀ. ಇರುತ್ತದೆ. ಬೋರ್ಡು ಬರೆಯುವವರ ಲೆಕ್ಕದಲ್ಲಿ ಅದೇ ದೂರಕ್ಕೆ ಎರಡು ಇಂಚು, ಅಂದರೆ 50 ಮಿ.ಮೀ. ಸಿಗುತ್ತದೆ. ಇದು ದುಂದಲ್ಲ. ಪಟ್ಟಿಯನ್ನು ಒಳ್ಳೆಯ ಬೆಳಕಿನಲ್ಲಿ, ನಿಂತು, ಪ್ರಯತ್ನಪಟ್ಟು ಓದುತ್ತೇವೆ. ಮದುವೆಯ ಬೋರ್ಡನ್ನು ನಡೆಯುತ್ತಾ, ಮಾತಾಡುತ್ತಾ, ಕಂಕುಳಲ್ಲಿ ಮಗುವನ್ನು ಹೊತ್ತು ಓದುತ್ತೇವೆ.

ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಕನ್ನಡಕ್ಕೆ ಅದು ಸಾಲದು. ನಮ್ಮ ಲಿಪಿಯಲ್ಲಿ ‘ದ’ ಮತ್ತು ‘ಧ’ ನಡುವೆ ಇರುವುದು ಕೆಳಗಿನ ಒಂದು ಗೀರು, ‘ಪ’ ಮತ್ತು ‘ಷ’ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ದೂರದಿಂದ ಮೊದಲು ಅಳಿಸಿಹೋಗುವುದು ಆ ಗೆರೆಯೇ. ಒತ್ತಕ್ಷರವಂತೂ ಮೂಲಾಕ್ಷರಕ್ಕಿಂತ ಚಿಕ್ಕದು. ಅದಕ್ಕೇ ಕನ್ನಡಕ್ಕೆ ಎಂಟು ಅಡಿಗೆ ಒಂದು ಇಂಚು ಎಂದು ಹಿಡಿಯಿರಿ. ನಲವತ್ತು ಅಡಿಗೆ ಐದು ಇಂಚು, ಎಂಬತ್ತು ಅಡಿಗೆ ಹತ್ತು ಇಂಚು.

ಯಾವುದರ ಎತ್ತರ ಎಂಬುದು ಇನ್ನೂ ಮುಖ್ಯ. ಅಳೆಯಬೇಕಾದದ್ದು ‘ರ’ ಅಥವಾ ‘ದ’ದಂಥ ಬರಿಯ ಮೂಲಾಕ್ಷರದ ಮೈಯನ್ನು ಮಾತ್ರ. ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿಸಿ ಅಳೆದರೆ ಐದು ಇಂಚು ಎಂದು ಬರೆಸಿದ್ದು ಮೂರೇ ಇಂಚಾಗುತ್ತದೆ. ಅಂಗಡಿಯವರು ಪಾಯಿಂಟಿನಲ್ಲಿ ಮಾತಾಡುತ್ತಾರೆ. 72 ಪಾಯಿಂಟ್ ಎಂದರೆ ಒಂದು ಇಂಚು ನಿಜ, ಆದರೆ ಆ ಇಂಚಿನೊಳಗೆ ಒತ್ತಿಗೂ ಮೇಲಿನ ಚಿಹ್ನೆಗೂ ಬಿಟ್ಟ ಜಾಗವೂ ಸೇರಿರುತ್ತದೆ. ಫಾಂಟ್ ಬದಲಾದರೆ ಅಕ್ಷರದ ಮೈಯೂ ಬದಲಾಗುತ್ತದೆ. ಪಾಯಿಂಟಿನ ಮಾತು ಬಿಟ್ಟು, ‘ರ ಅಕ್ಷರ ಸ್ಕೇಲಿನಲ್ಲಿ ಐದು ಇಂಚು ಬರಬೇಕು’ ಎಂದು ಚೀಟಿಯಲ್ಲಿ ಬರೆದು ಕೊಡಿ.

ಒಂದು ಉದಾಹರಣೆ ನೋಡೋಣ. ವಧು ಚೈತ್ರಾ, ವರ ಪ್ರಜ್ವಲ್, ಗೇಟಿನಿಂದ ಬಾಗಿಲಿನ ಬೋರ್ಡಿಗೆ ನಲವತ್ತು ಅಡಿ ಎಂದಿಟ್ಟುಕೊಳ್ಳಿ. ಅಕ್ಷರದ ಮೈ ಐದು ಇಂಚು. ಎರಡೂ ಹೆಸರಿನಲ್ಲಿ ಒತ್ತಿದೆ, ಅದಕ್ಕೆ ಕೆಳಗೆ ಇನ್ನೂ ಎರಡೂವರೆಯಿಂದ ಮೂರು ಇಂಚು ಬೇಕು. ಅಲ್ಲಿಗೆ ಹೆಸರಿನ ಸಾಲು ಎಂಟು ಇಂಚು. ಕನ್ನಡ ಅಕ್ಷರ ಎತ್ತರಕ್ಕಿಂತ ತುಸು ಹೆಚ್ಚೇ ಅಗಲ ತಿನ್ನುತ್ತದೆ, ಆದ್ದರಿಂದ ಒಂದೊಂದಕ್ಕೆ ಆರು ಇಂಚು. ಚೈ, ತ್ರಾ, ಪ್ರ, ಜ್ವ, ಲ್ – ಐದು ಅಕ್ಷರಕ್ಕೆ ಮೂವತ್ತು ಇಂಚು, ನಡುವಿನ ಜಾಗಕ್ಕೆ ಆರು, ಎರಡು ಬದಿಯ ಅಂಚಿಗೆ ಆರಾರು. ಒಟ್ಟು ನಲವತ್ತೆಂಟು ಇಂಚು, ಅಂದರೆ ನಾಲ್ಕು ಅಡಿ. ಮೇಲೆ ಚಿಕ್ಕದಾಗಿ ‘ಶುಭ ವಿವಾಹ’, ಕೆಳಗೆ ‘ಮೊದಲ ಮಹಡಿ’ ಮತ್ತು ಒಂದು ಬಾಣದ ಗುರುತು ಸೇರಿದರೆ ಎತ್ತರ ಎರಡು ಅಡಿ. ನಾಲ್ಕಕ್ಕೆ ಎರಡು ಅಡಿಯ ಹಲಗೆ ಸಾಕಾಯಿತು. ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯೂ ಪ್ಲೈವುಡ್ಡೂ ಸಾಮಾನ್ಯವಾಗಿ ಎಂಟಕ್ಕೆ ನಾಲ್ಕು ಅಡಿಯ ಹಾಳೆಯಾಗಿ ಬರುತ್ತವೆ. ಒಂದು ಹಾಳೆಯಲ್ಲಿ ಇಂಥ ನಾಲ್ಕು ಬೋರ್ಡು ತುಂಡು ಉಳಿಯದಂತೆ ಸಿಗುತ್ತವೆ.

ಹೆಸರುಗಳು ಉದ್ದವಾಗಿದ್ದರೆ, ಶ್ರೀಲಕ್ಷ್ಮೀನಾರಾಯಣ ಎಂದೋ ಮತ್ತೇನೋ ಇದ್ದರೆ, ಅಕ್ಷರ ಕುಗ್ಗಿಸಬೇಡಿ. ಹೆಸರನ್ನು ಎರಡು ಸಾಲಿಗೆ ತನ್ನಿ, ಹಲಗೆಯ ಎತ್ತರ ಹೆಚ್ಚಿಸಿ. ಎರಡು ಸಾಲಿನ ನಡುವೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಜಾಗ ಬಿಡಿಸಿ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಅಡ್ಡಕ್ಕೆ ಹಿಸುಕಿ ಒಂದೇ ಸಾಲಿಗೆ ತುರುಕುವುದು ಅಂಗಡಿಗಳಲ್ಲಿ ನಡೆಯುವ ಅಡ್ಡದಾರಿ. ಕನ್ನಡ ಅಕ್ಷರದ ದುಂಡುತನ ಹೋದರೆ ಓದುವ ಗುರುತೇ ಹೋಯಿತು. ಅದಕ್ಕೆ ಒಪ್ಪಬೇಡಿ.

ಮುಂಗಡ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನ ಅಡೋಬಿ ರೀಡರಿನಲ್ಲಿ ಪಿಡಿಎಫ್ ತೆರೆದು ಮುದ್ರಿಸುವಾಗ ‘ಪೋಸ್ಟರ್’ ಎಂಬ ಆಯ್ಕೆ ಸಿಗುತ್ತದೆ. ಅದು ದೊಡ್ಡ ವಿನ್ಯಾಸವನ್ನು ಹಲವು ಎ4 ಹಾಳೆಗಳಿಗೆ ಹಂಚಿ ಮುದ್ರಿಸುತ್ತದೆ. ಹೆಸರಿನ ಸಾಲನ್ನು ಮಾತ್ರ ಹಾಗೆ ಕಪ್ಪು-ಬಿಳುಪಿನಲ್ಲಿ ತೆಗೆದು, ಹಾಳೆಗಳನ್ನು ಜೋಡಿಸಿ, ಮನೆಯ ಕಾಂಪೌಂಡಿಗೆ ಅಂಟಿಸಿ. ನಲವತ್ತು ಅಡಿ ಹಿಂದೆ ಸರಿದು ಅಜ್ಜಿಯಿಂದಲೋ ಚಿಕ್ಕಪ್ಪನಿಂದಲೋ ಓದಿಸಿ. ಹೆಸರು ಮೊದಲೇ ಗೊತ್ತಿರುವವರು ಓದಿದಂತೆ ಹೇಳಿಬಿಡುತ್ತಾರೆ, ಆದ್ದರಿಂದ ಪಕ್ಕದ ಮನೆಯವರನ್ನು ಕರೆದರೆ ಇನ್ನೂ ಒಳ್ಳೆಯದು.

3. ರಸ್ತೆಯ ಬೋರ್ಡು

ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 36 ಅಡಿ ಸಾಗುತ್ತದೆ. ಎರಡು ಹೆಸರು, ಒಂದು ಬಾಣ ಓದಿ ತಿರುಗಲು ಮೂರು ಸೆಕೆಂಡಾದರೂ ಬೇಕು. ಅಂದರೆ ನೂರಕ್ಕೂ ಹೆಚ್ಚು ಅಡಿ ದೂರದಿಂದಲೇ ಕಾಣಬೇಕು, ಅಕ್ಷರ ಹದಿಮೂರೂವರೆ ಇಂಚಾಗಬೇಕು. ಅಷ್ಟು ದೊಡ್ಡದರಲ್ಲಿ ‘ಚಿ. ಕುಂ. ಸೌ.’, ತಂದೆ ತಾಯಿಯ ಹೆಸರು, ದಿನಾಂಕ, ಗಣಪತಿಯ ಚಿತ್ರ ಎಲ್ಲ ಹಿಡಿಸಲು ಸಾಧ್ಯವೇ ಇಲ್ಲ. ಅವು ಆಮಂತ್ರಣ ಪತ್ರಿಕೆಯಲ್ಲಿವೆ, ಅಲ್ಲೇ ಇರಲಿ. ವಧೂವರರ ಭಾವಚಿತ್ರವನ್ನು ದಾರಿ ತೋರಿಸುವ ಬೋರ್ಡಿಗೆ ಹಾಕಲೇಬೇಡಿ. ಅದು ಅರ್ಧ ಜಾಗ ನುಂಗುತ್ತದೆ, ಚಾಲಕನಿಗೆ ಏನನ್ನೂ ತಿಳಿಸುವುದಿಲ್ಲ.

ವೇಗದ ಮುಖ್ಯರಸ್ತೆಯಲ್ಲಿ ನಿಲ್ಲಿಸುವ ಬದಲು ಅಡ್ಡರಸ್ತೆಯ ತಿರುವಿನಲ್ಲಿ ನಿಲ್ಲಿಸುವುದು ಜಾಣತನ. ಅಲ್ಲಿ ವೇಗ 20 ಕಿ.ಮೀ.ಗೆ ಇಳಿದಿರುತ್ತದೆ, ಏಳು ಇಂಚಿನ ಅಕ್ಷರ ಸಾಕಾಗುತ್ತದೆ. ವಿದ್ಯುತ್ ಕಂಬಕ್ಕೂ ಮರಕ್ಕೂ ಕಟ್ಟಬೇಡಿ. ಸಾರ್ವಜನಿಕ ಜಾಗಗಳನ್ನು ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆಯಿದೆ. ತಿರುವಿನ ಅಂಗಡಿಯವರನ್ನು ಕೇಳಿ ಅವರ ಜಾಗದಲ್ಲೇ ನಿಲ್ಲಿಸಿದರೆ ಯಾರ ತಕರಾರೂ ಇರುವುದಿಲ್ಲ.

4. ವೇದಿಕೆಯ ಹಿಂದಿನ ಹೆಸರು

ಸಭಾಂಗಣ ಎಂಬತ್ತು ಅಡಿ ಉದ್ದವಿದ್ದರೆ ಹತ್ತು ಇಂಚಿನ ಅಕ್ಷರ. ಇಲ್ಲಿ ಗಾತ್ರಕ್ಕಿಂತ ಎತ್ತರದ ಜಾಗ ಮುಖ್ಯ. ಆರತಕ್ಷತೆಯಲ್ಲಿ ಎಲ್ಲರೂ ನಿಂತೇ ಫೋಟೊ ತೆಗೆಸಿಕೊಳ್ಳುತ್ತಾರೆ, ಪೇಟ ತೊಟ್ಟವರೂ ಇರುತ್ತಾರೆ. ವೇದಿಕೆಯ ನೆಲದಿಂದ ಏಳು ಅಡಿ ಮೇಲೆ ಹೆಸರು ಶುರುವಾದರೆ ಯಾರ ತಲೆಯೂ ಅಡ್ಡ ಬರುವುದಿಲ್ಲ. ಹೆಸರು ಚೌಕಟ್ಟಿನೊಳಗೆ ಬರುತ್ತದೆಯೇ ಎಂದು ಛಾಯಾಗ್ರಾಹಕರನ್ನೂ ಕೇಳಿಕೊಳ್ಳಿ.

ಥರ್ಮಾಕೋಲ್ ಅಕ್ಷರ ಬೇಡವೇ ಬೇಡ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಚಿನ್ನದ ಬಣ್ಣದ ಕನ್ನಡಿ ಅಕ್ರಿಲಿಕ್ ಅಕ್ಷರಗಳನ್ನೂ ಅಂಗಡಿಯವರು ಉತ್ಸಾಹದಿಂದ ತೋರಿಸುತ್ತಾರೆ. ವೀಡಿಯೊ ದೀಪ ಬಿದ್ದಾಗ ಅವು ಹೊಳೆದು, ಅರ್ಧ ಅಕ್ಷರ ಕಾಣದಂತಾಗುತ್ತದೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯಲ್ಲಿ ಕತ್ತರಿಸಿ ಹೊಳಪಿಲ್ಲದ ಬಣ್ಣ ಬಳಿದ ಅಕ್ಷರ ಒಳ್ಳೆಯದು. ಚೆಂಡುಹೂವಿನಲ್ಲಿ ಕಟ್ಟಿಸುವುದಾದರೆ ಅಕ್ಷರದ ಮೈ ಒಂದು ಅಡಿಗಿಂತ ಕಡಿಮೆ ಇರಬಾರದು. ಹೂವು ದಪ್ಪ, ಚಿಕ್ಕ ಅಕ್ಷರದ ಒಳಗಿನ ಖಾಲಿ ಜಾಗವೆಲ್ಲ ಮುಚ್ಚಿಹೋಗುತ್ತದೆ.

5. ಒಳಗಿನ ಸಣ್ಣ ಫಲಕಗಳು

‘ಊಟದ ಮನೆ’, ‘ಕೈ ತೊಳೆಯುವ ಸ್ಥಳ’, ‘ವಧುವಿನ ಕೊಠಡಿ’, ‘ಶೌಚಾಲಯ’ – ಇವಕ್ಕೆ ಎರಡರಿಂದ ಮೂರು ಇಂಚಿನ ಅಕ್ಷರ ಸಾಕು. ಎ4 ಹಾಳೆಯಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸುವವರು ಬಹಳ. ಅಷ್ಟು ಚಿಕ್ಕ ಹಾಳೆಯಲ್ಲಿ ಮೂರು ಇಂಚಿನ ಅಕ್ಷರ ಹಿಡಿಸದು, ಲ್ಯಾಮಿನೇಷನ್ ಟ್ಯೂಬ್‌ಲೈಟಿಗೆ ಹೊಳೆದು ಉಳಿದದ್ದನ್ನೂ ಮರೆಮಾಡುತ್ತದೆ. ಎ2 ಅಳತೆಯ, ಅಂದರೆ 42ಕ್ಕೆ 59.4 ಸೆಂ.ಮೀ.ನ ಹೊಳಪಿಲ್ಲದ ಹಾಳೆಯನ್ನು ಅಡ್ಡಕ್ಕೆ ಬಳಸಿ. ಎಲ್ಲವನ್ನೂ ತಲೆಗಳ ಮೇಲೆ, ಕೆಳ ಅಂಚು ಏಳು ಅಡಿಗೆ ಬರುವಂತೆ ಕಟ್ಟಿ. ಎದೆಮಟ್ಟದಲ್ಲಿ ಅಂಟಿಸಿದ ‘ಊಟದ ಮನೆ’ ಪಂಕ್ತಿ ಏಳುವ ಹೊತ್ತಿಗೆ ಜನರ ಹಿಂದೆ ಸೇರಿಹೋಗುತ್ತದೆ, ಅದು ಬೇಕಾಗುವುದೂ ಆಗಲೇ.

ಬಾಗಿಲ ಬಳಿ ಸ್ಟ್ಯಾಂಡಿನ ಮೇಲಿಡುವ ಸ್ವಾಗತ ಫಲಕ ಎರಡಕ್ಕೆ ಮೂರು ಅಡಿ ಇರಲಿ. ಪನ್ನೀರು ದಾನಿಯ ಮೇಜು ಮುಂದೆ ಬಂದು ನಿಲ್ಲುವುದರಿಂದ ಕೆಳಗಿನ ಒಂದು ಅಡಿಯಲ್ಲಿ ಏನನ್ನೂ ಬರೆಸಬೇಡಿ.

6. ಸಾಮಗ್ರಿ ಮತ್ತು ಬಣ್ಣ

ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನು ನಿಷೇಧಿಸಿದೆ. ಆದರೂ ಅಂಗಡಿಗಳಲ್ಲಿ ಮೊದಲು ಕೇಳಿಬರುವ ಮಾತು ಫ್ಲೆಕ್ಸಿನದೇ. ಬಟ್ಟೆಯ ಬ್ಯಾನರ್ ಕೇಳಿ. ಬೆಲೆ ಹೆಚ್ಚಾದರೂ ಬಟ್ಟೆ ಹೊಳೆಯುವುದಿಲ್ಲ, ಹಗಲು ಬೆಳಕಿನಲ್ಲಿ ಅಕ್ಷರ ಸ್ಪಷ್ಟವಾಗಿ ನಿಲ್ಲುತ್ತದೆ. ಮೂರು ಮಿ.ಮೀ. ಸನ್‌ಬೋರ್ಡು ಬಿಸಿಲಿಗೆ ಬಿಲ್ಲಿನಂತೆ ಬಾಗುತ್ತದೆ, ಐದು ಮಿ.ಮೀ.ಗಿಂತ ತೆಳುವಾದದ್ದನ್ನು ಹೊರಗೆ ಇಡಬೇಡಿ. ದರ ಚದರ ಅಡಿಯ ಲೆಕ್ಕದಲ್ಲಿರುತ್ತದೆ ಎಂಬುದೂ ನೆನಪಿರಲಿ. ಎರಡಕ್ಕೆ ಮೂರರ ಬೋರ್ಡನ್ನು ನಾಲ್ಕಕ್ಕೆ ಆರು ಮಾಡಿದರೆ ಬೆಲೆ ಎರಡರಷ್ಟಲ್ಲ, ನಾಲ್ಕರಷ್ಟು. ಬೇಡದ ಮಾತು ತೆಗೆದರೆ ಅಕ್ಷರ ದೊಡ್ಡದಾಗಲು ಒಂದು ರೂಪಾಯಿಯೂ ಬೇಕಿಲ್ಲ.

ತಿಳಿ ಹಳದಿ ಅಥವಾ ಬಿಳಿಯ ಮೇಲೆ ಕಡು ಕೆಂಪು, ಕಡು ಹಸಿರು – ಮದುವೆಗೂ ಒಪ್ಪುತ್ತದೆ, ಕಣ್ಣಿಗೂ ಒಪ್ಪುತ್ತದೆ. ಮರೂನ್ ಮೇಲೆ ಚಿನ್ನದ ಬಣ್ಣ ಆಮಂತ್ರಣ ಪತ್ರಿಕೆಗೆ ಚೆಂದ, ಬೋರ್ಡಿಗಲ್ಲ.

7. ಕರಡು ತಿದ್ದುವುದು

ನುಡಿ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ವಿನ್ಯಾಸ ಮಾಡುವ ಅಂಗಡಿ ಒಂದು, ಮುದ್ರಿಸುವ ಯಂತ್ರ ಇನ್ನೊಂದು ಕಡೆ ಇರುವುದು ಸಾಮಾನ್ಯ. ಕಳಿಸುವ ಮುನ್ನ ಅಕ್ಷರಗಳನ್ನು ‘ಕರ್ವ್’ ಮಾಡಲು ಹೇಳಿ, ಆಗ ಅವು ಚಿತ್ರವಾಗಿ ಉಳಿಯುತ್ತವೆ. ಕರಡನ್ನು ಕಾಗದದ ಮೇಲೆ ತೆಗೆಸಿ, ಎರಡೂ ಮನೆಯ ಒಬ್ಬೊಬ್ಬರು ಅಕ್ಷರ ಅಕ್ಷರ ಓದಿ ಸಹಿ ಹಾಕಲಿ.

8. ಕಟ್ಟುವುದು

ಆರತಕ್ಷತೆ ಹಿಂದಿನ ಸಂಜೆಯೇ ಇದ್ದರೆ ಬೋರ್ಡುಗಳು ಅಂದು ಮಧ್ಯಾಹ್ನದೊಳಗೆ ಮೇಲೇರಿರಬೇಕು. ದೊಡ್ಡ ಬಟ್ಟೆಗೆ ಮರದ ರೀಪರ್ ಚೌಕಟ್ಟು ಹೊಡೆಸಿರಿ. ಬರೀ ಹಗ್ಗ ಕಟ್ಟಿದರೆ ಗಾಳಿಗೆ ಮಡಚಿ ಹೆಸರು ಸುರುಳಿಯಾಗುತ್ತದೆ. ಸುಣ್ಣದ ಗೋಡೆಗೆ ಅಂಟುಪಟ್ಟಿ ನಿಲ್ಲದು, ಕಿತ್ತಾಗ ಬಣ್ಣವೂ ಜೊತೆಗೆ ಬರುತ್ತದೆ. ಕತ್ತಲಾದ ಮೇಲೆ ಗೇಟಿನ ಬಳಿ ಹೋಗಿ ಒಮ್ಮೆ ಓದಿ ನೋಡಿ. ಸೀರಿಯಲ್ ಸೆಟ್ಟಿನ ದೀಪಗಳು ಬೋರ್ಡಿನ ಹಿಂದೆ ಉರಿಯುತ್ತಿದ್ದರೆ ಹೆಸರು ಕಪ್ಪಾಗಿ ಕಾಣುತ್ತದೆ. ಬೋರ್ಡಿನ ಮೇಲಂಚಿನಿಂದ ಕೆಳಕ್ಕೆ ಬೆಳಕು ಬೀಳುವಂತೆ ಒಂದು ಫೋಕಸ್ ದೀಪ ಹಾಕಿಕೊಡಲು ದೀಪಾಲಂಕಾರದವರಿಗೆ ಆಗಲೇ ಹೇಳಿ, ಮುಹೂರ್ತ ಸೂರ್ಯೋದಯಕ್ಕೆ ಮೊದಲಿದ್ದರೆ ಅದು ಬೆಳಗಿನವರೆಗೂ ಉರಿಯಲಿ.