ಡ್ರಮ್ಮಿನೊಳಗೆ ಏನಿದೆ? ತುಂಬುವಾಗಲೇ ಬರೆಯಿರಿ

ಬಣ್ಣ ಮತ್ತು ಔಷಧ ಕಾರ್ಖಾನೆಗಳ ಹಿತ್ತಿಲ ಶೆಡ್ಡಿನಲ್ಲಿ ಬಳಸಿದ ದ್ರಾವಕದ ಡ್ರಮ್ಮುಗಳು ತಿಂಗಳುಗಟ್ಟಲೆ ಕೂತಿರುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿರುವ ಟಾಲೂಯಿನ್ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಮಾಗಿಯ ಮುಂಜಾವೂ ಅದಕ್ಕಿಂತ ಬೆಚ್ಚಗಿರುತ್ತದೆ.

ಮೊದಲ ಕೆಲಸ ಚೀಟಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಕಡ್ಡಾಯ. ತ್ಯಾಜ್ಯದ ಹೆಸರು, ತುಂಬಿದ ದಿನಾಂಕ, ಯಾವ ವಿಭಾಗದಿಂದ ಬಂತು ಎಂಬುದನ್ನು ಡ್ರಮ್ ತುಂಬುವವರೇ ಆಗಲೇ ಬರೆಯಬೇಕು. ರಾತ್ರಿ ಪಾಳಿಯವರು ಬಿಟ್ಟುಹೋದ ಹೆಸರಿಲ್ಲದ ಡ್ರಮ್ಮಿಗೆ ಬೆಳಗಿನವರು ಇನ್ನೊಂದನ್ನು ಸುರಿದರೆ ಅನಾಹುತ ಅಲ್ಲೇ ಹುಟ್ಟುತ್ತದೆ. ನೈಟ್ರಿಕ್ ಆಮ್ಲಕ್ಕೆ ದ್ರಾವಕ ಬೆರೆತರೆ ಕಿಡಿಯೇ ಬೇಡ. ಕಾವು ಏರಿ, ಅನಿಲ ಉಕ್ಕಿ ಡ್ರಮ್ ಸಿಡಿಯಬಹುದು. ಆದ್ದರಿಂದ ಎರಡಕ್ಕೂ ಬೇರೆ ಕಟ್ಟೆ ಕಟ್ಟಿಸಿ, ಆಲಿಕೆಗಳನ್ನೂ ಬೇರೆ ಇಡಿ. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಲು ಬಳಸಿದ ರೇನಿ ನಿಕ್ಕಲ್ ಎಂಬ ಲೋಹದ ಪುಡಿ ಒಣಗಿದರೆ ಗಾಳಿಗೇ ಹೊತ್ತಿಕೊಳ್ಳುತ್ತದೆ. ಅದು ಸದಾ ನೀರಿನಲ್ಲಿ ಮುಳುಗಿರಲಿ.

ಹಸಿ ಹುಲ್ಲಿನ ಬಣವೆ ಒಳಗೊಳಗೇ ಕಾಯುವುದನ್ನು ರೈತರು ಬಲ್ಲರು. ಅಗಸೆ ಎಣ್ಣೆ ಒರೆಸಿದ ಬಟ್ಟೆಯ ಗುಡ್ಡೆಯೂ ಹಾಗೆಯೇ: ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಹುಟ್ಟುವ ಶಾಖ ಹೊರಬರಲಾರದೆ ಕೊನೆಗೆ ಬೆಂಕಿಯಾಗುತ್ತದೆ. ಅಂಥ ಬಟ್ಟೆ ಮುಚ್ಚಳವಿರುವ ಕಬ್ಬಿಣದ ಡಬ್ಬಿಗೇ ಬೀಳಲಿ. ಪಾಳಿ ಮುಗಿದಾಗ ಡಬ್ಬಿ ಖಾಲಿಯಾಗಲಿ.

ದ್ರಾವಕ ಸುರಿಯುವ ಮುನ್ನ ಎರಡೂ ಡ್ರಮ್ಮುಗಳನ್ನು ತಂತಿಯಿಂದ ಜೋಡಿಸಿ ಅರ್ಥಿಂಗ್ ಕೊಡಿ. ಹರಿಯುವ ದ್ರವದಿಂದಲೇ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಲ್ಲದು. ಆವಿ ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಚರಂಡಿಯವರೆಗೂ ಹರಿಯುತ್ತದೆ. ಹಾಗಾಗಿ ಗೋಡೆಯ ಬುಡದಲ್ಲೂ ಗಾಳಿಕಿಂಡಿ ಬೇಕು.

ಡ್ರಮ್ಮುಗಳನ್ನು ಮೂರಕ್ಕಿಂತ ಎತ್ತರ ಪೇರಿಸಬೇಡಿ. ಸಾಲುಗಳ ನಡುವೆ ಮನುಷ್ಯ ನಡೆದು ನೋಡುವಷ್ಟು ದಾರಿಯಿರಲಿ. ಉಬ್ಬಿದ ಡ್ರಮ್ ಕಂಡರೆ ಮುಚ್ಚಳ ತೆಗೆಯದೆ ಎಲ್ಲರನ್ನೂ ದೂರ ಕಳಿಸಿ, ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.

ಖಾಲಿ ಡ್ರಮ್ಮಿನ ವಿಷಯದಲ್ಲಿ ನನಗೆ ತೀರದ ಕಳವಳವಿದೆ. ತಳದಲ್ಲಿ ಉಳಿದ ಚೂರು ದ್ರಾವಕದ ಆವಿ ಗಾಳಿಯೊಂದಿಗೆ ಬೆರೆತಿರುತ್ತದೆ. ಅದಕ್ಕೆ ಗ್ಯಾಸ್ ಕಟರ್ ಹಿಡಿದವರ ಜೀವಕ್ಕೇ ಅಪಾಯ. ತೊಳೆದು ಆವಿಮುಕ್ತಗೊಳಿಸದ ಡ್ರಮ್ಮನ್ನು ಕತ್ತರಿಸಲು ಯಾರಿಗೂ ಕೊಡಬೇಡಿ.

ಸಾಮಾನ್ಯವಾಗಿ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಶೆಡ್ಡಿನಲ್ಲಿ ಇರುವುದರ ಪಟ್ಟಿಯ ಒಂದು ಪ್ರತಿ ಗೇಟಿನ ಕಾವಲುಗಾರರ ಬಳಿಯೂ ಇರಲಿ. ಉರಿಯುವ ಅಲ್ಯೂಮಿನಿಯಂ ಪುಡಿಗೆ ನೀರು ಬಿದ್ದರೆ ಹೈಡ್ರೋಜನ್ ಹುಟ್ಟುತ್ತದೆ. ಪೈಪು ಬಿಚ್ಚುವ ಮೊದಲೇ ಅಗ್ನಿಶಾಮಕ ಸಿಬ್ಬಂದಿಗೆ ಅದು ತಿಳಿಯಬೇಕು.