ಗೀಸರ್ ಕೆಟ್ಟಿತೇ? ನೀರು ಎಲ್ಲಿಂದ ಸೋರುತ್ತಿದೆ, ಮೊದಲು ನೋಡಿ

ಹೋದ ಮಾಗಿ ಚಳಿಯಲ್ಲಿ ಚಿತ್ರದುರ್ಗದಿಂದ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಗೀಸರ್ ಕೆಳಗೆ ನೀರು ತೊಟ್ಟಿಕ್ತಾ ಇದೆ. ಅಂಗಡಿಯವ್ರು ಹೊಸದು ಹಾಕಿಸ್ಬಿಡಿ ಅಂತಿದ್ದಾರೆ."

"ಎಲ್ಲಿಂದ ತೊಟ್ಟಿಕ್ತಿದೆ ನೋಡಿದ್ಯೇನೇ?"

"ಅದನ್ನ ನೋಡ್ಲಿಲ್ಲ ಕಣಕ್ಕಾ."

ನೋಡಿದರೆ, ಸೋರುತ್ತಿದ್ದದ್ದು ತಣ್ಣೀರು ಒಳಗೆ ಹೋಗುವ ಪೈಪಿನ ತುದಿಯಲ್ಲಿ. ವಾಷರ್ ಸವೆದಿತ್ತು. ಬದಲಿಸಿದ ಮೇಲೆ ಅದೇ ಗೀಸರ್ ಈಗಲೂ ನಡೆಯುತ್ತಿದೆ. ದಾವಣಗೆರೆಯ ನಮ್ಮ ಮನೆಯಲ್ಲಿ ಆಗಿದ್ದು ಇದರ ಉಲ್ಟಾ. ಒಂಬತ್ತು ವರ್ಷದ ಗೀಸರಿಗೆ ನೀರು ಕಾಯಿಸುವ ಕಾಯಿಲ್ ಹೊಸದು ಹಾಕಿಸಿದೆ. ಎರಡೇ ತಿಂಗಳಿಗೆ ಟ್ಯಾಂಕೇ ತೂತು ಬಿತ್ತು. ಕಾಯಿಲ್ ದುಡ್ಡು ಸುಮ್ನೆ ಹೋಯಿತು.

ಹಾಗಾಗಿ ಯಾರನ್ನಾದರೂ ಕರೆಯುವ ಮೊದಲು ನೀವೇ ಒಂದಿಷ್ಟು ನೋಡಿಕೊಳ್ಳಿ. ಸ್ವಿಚ್ ಆಫ್ ಮಾಡಿ, ಕರೆಂಟ್ ಬೋರ್ಡಿನ ಮುಖ್ಯ ಸ್ವಿಚ್ಚಾದ ಎಂಸಿಬಿಯನ್ನೂ ಕೆಳಗಿಳಿಸಿ. ನಲ್ಲಿ ಮುಟ್ಟಿದಾಗ ಕೈ ಜುಮ್ ಅಂದಿದ್ದರೆ ಮತ್ತೆ ಆನ್ ಮಾಡಲೇಬೇಡಿ. ಕಾಯಿಲಿನ ಹೊರಕವಚ ಒಡೆದು ಕರೆಂಟ್ ನೀರಿಗೆ ಬರುತ್ತಿರಬಹುದು. ಕಾಯಿಲ್ ಬದಲಿಸಿದರೆ ಅದು ಸರಿಹೋಗುತ್ತದೆ. ಆದರೆ ಅರ್ಥಿಂಗ್ ಸರಿಯಿದೆಯಾ ಎಂದು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸದೆ ಯಾರನ್ನೂ ಸ್ನಾನಕ್ಕೆ ಬಿಡಬೇಡಿ.

ಸೋರುವ ಜಾಗ

ಗೀಸರನ್ನು ಹೊರಗಿನಿಂದ ಒಣಬಟ್ಟೆಯಲ್ಲಿ ಒರೆಸಿ. ಕೆಳಗೆ ಹಳೆ ಪೇಪರ್ ಹಾಸಿ. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ.

ಪೈಪಿನ ತುದಿಯಲ್ಲಿ ಒದ್ದೆಯಿದ್ದರೆ ಚಿಕ್ಕ ಕೆಲಸ. ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವಿನಿಂದ, ನೀರು ಬಿಸಿಯಾಗುವಾಗ ಮಾತ್ರ ಹನಿ ಬೀಳುತ್ತಿದ್ದರೆ ಅದು ಕೆಟ್ಟಿಲ್ಲ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ, ಅಂದರೆ ಒಂದು ಲೋಟದಷ್ಟು. ಆ ನೀರು ಎಲ್ಲಾದರೂ ಹೊರಗೆ ಹೋಗಬೇಕಲ್ವಾ? ಹನಿ ಬೀಳುತ್ತದೆ ಅಂತ ಕೆಲವರು ವಾಲ್ವಿನ ತೂತಿಗೆ ಎಂಸೀಲ್ ಮೆತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒತ್ತಡ ಹೊರಹೋಗುವ ದಾರಿ ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು. ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ವಾಲ್ವ್ ಬದಲಿಸಿ.

ಗೀಸರಿನ ಮೈಯಿಂದಲೇ ನೀರು ಇಳಿಯುತ್ತಿದ್ದರೆ ಮಾತ್ರ ಅನುಮಾನ ಪಡಬೇಕು. ಆದರೂ ಅವಸರ ಬೇಡ. ಕೆಳಗಿನ ಮುಚ್ಚಳದೊಳಗೆ ಕಾಯಿಲ್ ಕೂರುವ ಜಾಗದಲ್ಲಿ ಒಂದು ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಅದು ಹೋದರೂ ನೀರು ಹೀಗೇ ಇಳಿಯುತ್ತದೆ. ಮೆಕ್ಯಾನಿಕ್ ಮುಚ್ಚಳ ಬಿಚ್ಚಿದಾಗ ಪಕ್ಕದಲ್ಲಿ ನಿಂತು, "ಎಲ್ಲಿಂದ ಬರ್ತಿದೆ ತೋರಿಸಿಯಣ್ಣ" ಅನ್ನಿ. ಗ್ಯಾಸ್ಕೆಟ್ ಆದರೆ ರಿಪೇರಿ. ಟ್ಯಾಂಕೇ ತೂತಾಗಿದ್ದರೆ ಹೊಸದು. ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿದರೆ ಬಾಳಿಕೆ ಬರುವುದಿಲ್ಲ.

ನೀರು ಬಿಸಿಯಾಗದಿದ್ದರೆ

2000 ವ್ಯಾಟಿನ ಗೀಸರ್ 15 ಲೀಟರ್ ನೀರನ್ನು ಸುಮಾರು 20 ನಿಮಿಷದಲ್ಲಿ ಚೆನ್ನಾಗಿ ಕಾಯಿಸಬೇಕು. ಪೂರ್ತಿ ತಣ್ಣಗೇ ಇದ್ದರೆ ಕಾಯಿಲ್, ಬಿಸಿಯ ಮಟ್ಟ ನೋಡಿಕೊಳ್ಳುವ ಥರ್ಮೋಸ್ಟಾಟ್ ಅಥವಾ ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಕಟೌಟ್ ಹೋಗಿರಬಹುದು. ಮೂರೂ ಬದಲಿಸುವಂಥವೇ. ಇಷ್ಟಕ್ಕೆಲ್ಲ ಗೀಸರ್ ಬಿಸಾಡಬೇಡಿ. ಒಳಗಿನಿಂದ ಚಟಪಟ ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ಉಪ್ಪು ಕಟ್ಟಿದೆ ಎಂದು ಅರ್ಥ.

ನಮ್ಮ ಕಡೆ ಇದೇ ದೊಡ್ಡ ತೊಂದರೆ. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ನೀರು, ಹೊಳೆ ನೀರು ನಲ್ಲಿಗೆ ಬಂದರೂ ಎಷ್ಟೋ ಮನೆಗಳಲ್ಲಿ ಅದೇ ಸಂಪ್ ತೊಟ್ಟಿಗೆ ಉಪ್ಪಿನಂಶ ಜಾಸ್ತಿಯಿರುವ ಬೋರ್ ನೀರನ್ನೂ ಬಿಡುತ್ತಾರೆ. ನಮ್ಮ ಗೀಸರಿನ ಕಾಯಿಲ್ ಹೊರಗೆಳೆದಾಗ ನೋಡಿ ಗಾಬರಿಯಾಯಿತು. ಪೆನ್ಸಿಲ್ ಗಾತ್ರದ್ದು ಕೋಡುಬಳೆಯಷ್ಟು ದಪ್ಪವಾಗಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಹಳೆ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಹಕ್ಕಳೆ ಉದುರಿತು. ಆ ಹಕ್ಕಳೆ ಮೆತ್ತಿಕೊಂಡರೆ ಕಾಯಿಲಿನ ಶಾಖ ನೀರಿಗೆ ಸರಿಯಾಗಿ ಹೋಗುವುದಿಲ್ಲ. ಕಾಯಿಲ್ ಒಳಗೊಳಗೇ ಕಾದು ಸುಟ್ಟುಹೋಗುತ್ತದೆ.

ಅದರ ಪಕ್ಕದಲ್ಲೇ ಆನೋಡ್ ರಾಡ್ ಇರುತ್ತದೆ. ಸಾಮಾನ್ಯವಾಗಿ ಮೆಗ್ನೀಷಿಯಂದು. ಟ್ಯಾಂಕಿಗೆ ಬರುವ ತುಕ್ಕನ್ನು ತಾನು ತಗೊಂಡು ಕರಗುವುದೇ ಅದರ ಕೆಲಸ. ನಮ್ಮದರಲ್ಲಿ ತಂತಿಯಷ್ಟೇ ಉಳಿದಿತ್ತು. ಆಗಲೇ ನನಗೆ ಗೊತ್ತಾಗಬೇಕಿತ್ತು. ಬಿಳಿ ಬಕೆಟ್ಟಿಗೆ ಬಿಸಿನೀರು ಹಿಡಿದು ನೋಡಿ. ತಣ್ಣೀರು ತಿಳಿಯಾಗಿದ್ದು, ಬಿಸಿನೀರು ಮಾತ್ರ ಕೆಂಪಗೆ ಬಂದು, ರಾಡೂ ಕರಗಿಹೋಗಿದ್ದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ. ಅಂಥ ಗೀಸರಿಗೆ ಕಾಯಿಲ್ ಹಾಕಿಸಬೇಡಿ.

ಲೆಕ್ಕ ಹಾಕುವುದು

ಬಿಲ್ ಹುಡುಕಿ. ಟ್ಯಾಂಕಿಗೆ ಬೇರೆ, ಕಾಯಿಲಿಗೆ ಬೇರೆ ವಾರಂಟಿ ಇರುತ್ತದೆ. ಟ್ಯಾಂಕಿನದ್ದು ಸಾಮಾನ್ಯವಾಗಿ ಜಾಸ್ತಿ ವರ್ಷ. ಐದು ವರ್ಷದೊಳಗಿನ ಗೀಸರ್ ಆದರೆ, ಟ್ಯಾಂಕ್ ಬಿಟ್ಟು ಏನೇ ಹೋದರೂ ನಾನು ರಿಪೇರಿಯನ್ನೇ ಮಾಡಿಸುತ್ತೇನೆ. ಎಂಟು ವರ್ಷ ದಾಟಿದ್ದು, ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟಿದರೆ ಬದಲಿಸುತ್ತೇನೆ. ನಡುವಿನ ವಯಸ್ಸಿನದ್ದಕ್ಕೆ ಆನೋಡ್ ರಾಡ್ ಎಷ್ಟು ಉಳಿದಿದೆ ನೋಡಿ ತೀರ್ಮಾನ.

ಹೊಸದು ತರುವಾಗ ಐಎಸ್‌ಐ ಗುರುತು, ಸ್ಟಾರ್ ಲೇಬಲ್ ನೋಡಿ. ಬೋರ್ ನೀರಿಗೆ ಗ್ಲಾಸ್ ಲೈನಿಂಗ್, ಅಂದರೆ ಒಳಮೈಗೆ ಗಾಜಿನ ಲೇಪ, ಇರುವ ಟ್ಯಾಂಕ್ ಒಳ್ಳೆಯದು. ಬಕೆಟ್ ಸ್ನಾನಕ್ಕೆ 15 ಲೀಟರ್ ಸಾಕು. ಪೂರ್ತಿ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಎರಡು ಬಕೆಟ್ ಆಗುತ್ತದೆ. ಕೂರಿಸಿದ ದಿನವೇ ತಾರೀಖನ್ನು ಟೇಪಿನ ಮೇಲೆ ಬರೆದು ಗೀಸರಿಗೆ ಅಂಟಿಸಿ. ಬೋರ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಬಿಚ್ಚಿಸಿ ಉಪ್ಪು ತೆಗೆಸಿ. ರಾಡ್ ಬದಲಿಸಿದ ತಾರೀಖನ್ನೂ ಅದರ ಕೆಳಗೇ ಬರೆದಿಡಿ.